ಕೊನೆಯ ಬಂದರಿಗೂ ಮೊದಲೇ ಇಳಿದ ಟೇಪಕ್ಕ

ಟೇಪಕ್ಕನ ಕತೆ ಹೇಳುವವರು ಅವಳ ಕೊರಳಿನಿಂದ ಶುರು ಮಾಡಬೇಕು. ಬೇರೆಯವರ ಕೊರಳಲ್ಲಿ ಸರವೋ ಹಾರವೋ ಇದ್ದರೆ ಇವಳ ಕೊರಳಲ್ಲಿ ಅಳತೆಯ ಟೇಪು. ಬೆಳಗ್ಗೆ ಮುಖ ತೊಳೆದವಳು ಮೊದಲು ಹಾಕಿಕೊಳ್ಳುವುದು ಅದನ್ನು, ಮಲಗುವಾಗ ಕೊನೆಗೆ ತೆಗೆಯುವುದೂ ಅದನ್ನೇ. ಬೆರಳು ತಾಗಿ ತಾಗಿ ಅದರ ಅಂಕಿಗಳೆಲ್ಲ ಅಳಿಸಿಹೋಗಿವೆ. ಹೊಸದು ಕೊಳ್ಳಬಾರದೇನೇ ಎಂದು ಯಾರಾದರೂ ಕೇಳಿದರೆ, "ಈ ಬೀದಿಯೋರ ಸೊಂಟ ಎಲ್ಲಾ ಇದಕ್ಕೆ ಗೊತ್ತು. ಆದ್ರೂ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಿಲ್ಲ. ಹೊಸದನ್ನ ನಂಬೋದು ಹೇಗೆ?" ಎನ್ನುತ್ತಾಳೆ.

ಅವಳ ಅಂಗಡಿ ದೊಡ್ಡದೊಂದು ಕಟ್ಟಡದ ಮೆಟ್ಟಿಲ ಕೆಳಗಿದೆ. ಎತ್ತರದವರು ತಲೆ ಬಗ್ಗಿಸದೆ ಒಳಗೆ ಬರುವ ಹಾಗಿಲ್ಲ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ತಲೆಯಿಲ್ಲದ ಮರದ ಬೊಂಬೆ, ಅದರ ಹೆಗಲ ಮೇಲೆ ಸದಾ ಯಾರದೋ ಅರ್ಧ ಹೊಲಿದ ಬಟ್ಟೆ. ಅಲ್ಲಿಯ ಕಾನೂನು ಒಂದೇ: ಅಳತೆ ಹಿಡಿಯದೆ ಕತ್ತರಿ ಎತ್ತಬಾರದು. "ಹೋದ ವರ್ಷದ್ದೇ ಅಳತೆ ಇದೆಯಲ್ಲಕ್ಕಾ, ಮತ್ತೆ ಯಾಕೆ?" ಎಂದವರಿಗೆ ಅವಳ ಉತ್ತರ ಸಿದ್ಧವಾಗಿರುತ್ತದೆ: "ಹೋದ ವರ್ಷದ ನೀನು ಹೋದ ವರ್ಷದ ಜೊತೇಲೇ ಹೋದೆ. ಎತ್ತು ಕೈ."

ಹಾಕಿ ನೋಡುವಾಗ ಬಟ್ಟೆ ಸಡಿಲ ಕಂಡರೆ ಅವಳು ಬೆನ್ನ ಹಿಂದೆ ನಿಂತು, ಹೆಚ್ಚಾದ ಬಟ್ಟೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, "ಈಗ ಕನ್ನಡಿ ನೋಡು, ಹೀಗೆ ಬರುತ್ತೆ" ಎಂದು ತೋರಿಸುತ್ತಾಳೆ. ಮುಂದಿನಿಂದ ನೋಡಿದರೆ ಅಚ್ಚಿನಲ್ಲಿ ಹೊಯ್ದಂತೆ ಕೂತ ಬಟ್ಟೆ, ಹಿಂದೆ ಮಾತ್ರ ಟೇಪಕ್ಕನ ಮುಷ್ಟಿ. ಈ ಮುಷ್ಟಿ ಇಲ್ಲೇ ಇರಲಿ, ಮುಂದೆ ಬೇಕಾಗುತ್ತದೆ.

ಆ ಕಾನೂನಿನಿಂದ ಬಿಡುಗಡೆ ಪಡೆದವಳು ಲೋಕದಲ್ಲಿ ಒಬ್ಬಳೇ, ಅವಳ ತಂಗಿ. ಚಿಕ್ಕವರಿದ್ದಾಗ ಅಕ್ಕತಂಗಿಯರಿಬ್ಬರದೂ ಒಂದೇ ಮೈಕಟ್ಟು. ಇದ್ದ ಒಂದು ಒಳ್ಳೆಯ ಫ್ರಾಕು ಮೊದಲು ಎದ್ದವಳಿಗೆ. ತಡವಾಗಿ ಎದ್ದವಳು ಹಳೆಯದರಲ್ಲಿ ಮುಖ ಊದಿಸಿಕೊಂಡು ಶಾಲೆಗೆ. ದೊಡ್ಡವರಾದ ಮೇಲೂ ಅದೇ ನಂಬಿಕೆ ಉಳಿಯಿತು. ತಂಗಿ ಮದುವೆಯ ಗೊಡವೆಗೆ ಹೋಗದೆ ದೂರದ ಬೆಟ್ಟದ ಊರಿನಲ್ಲಿ ಸಸಿ ಮಾರುವ ಅಂಗಡಿ ಇಟ್ಟುಕೊಂಡು ಗಿಡಗಳನ್ನೇ ಮಕ್ಕಳಂತೆ ಸಾಕಿದಳು. ಅಲ್ಲಿಯ ಚಳಿಗೆಂದು ಟೇಪಕ್ಕ ವರ್ಷಕ್ಕೊಂದು ಕೋಟು ಹೊಲಿದು ಕಳಿಸುತ್ತಿದ್ದಳು. ಅಳತೆ ಯಾರದ್ದು? ತನ್ನದೇ. ಹೊಲಿದು ಮುಗಿದ ಕೋಟನ್ನು ತಾನೇ ತೊಟ್ಟು ಕನ್ನಡಿಯ ಮುಂದೆ ಒಂದು ಸುತ್ತು ಸುತ್ತಿ, "ಪುಟ್ಟಿಗೆ ಸರಿಹೋಯ್ತು" ಎಂದು ಮಡಚಿ ಕಟ್ಟುವಳು. ತಂಗಿಯೂ ಫೋನು ಮಾಡಿ, "ಅಳತೆ ಹಿಡ್ಕೊಂಡು ಹೊಲ್ದಂಗಿದೆ ಅಕ್ಕಾ" ಎನ್ನುವಳು. ಈಚೆಗೆ ಒಬ್ಬರನ್ನೊಬ್ಬರು ನೋಡುವುದು ಕಡಿಮೆಯಾಗಿತ್ತು. ಒಂದು ವರ್ಷ ಗಿಡಗಳಿಗೆ ಹುಳ ಬಿತ್ತೆಂದು ತಂಗಿ ಬರಲಿಲ್ಲ. ಮರುವರ್ಷ ಕೆಲಸ ಹೆಚ್ಚೆಂದು ಅಕ್ಕ ಹೋಗಲಿಲ್ಲ.

ಇನ್ನು ಟೇಪಕ್ಕನ ಗಂಡ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತನಾದವನು, ಬೀದಿಗೆಲ್ಲ ಕಂಡಕ್ಟರ್ ಭಾವ. ಅವನಿಗೊಂದು ಆಸೆಯಿತ್ತು. ಬದುಕಿಡೀ ಬೇರೆಯವರಿಗೆ ಸೀಟು ಹುಡುಕಿಕೊಟ್ಟವನು ಒಮ್ಮೆಯಾದರೂ ಕಿಟಕಿ ಪಕ್ಕ ಕೂತು, ಯಾರೂ ಎಬ್ಬಿಸದಂತೆ, ಕೊನೆಯ ಸ್ಟಾಪಿನವರೆಗೆ ಹೋಗಬೇಕು. ಅದಕ್ಕೆ ಹಡಗೇ ಸರಿ ಎಂದು ಅವನ ತೀರ್ಮಾನ. ಬಂದರಿನಿಂದ ಬಂದರಿಗೆ ಸುತ್ತುತ್ತ ಸಮುದ್ರದ ಆಚೆ ದಡ ಮುಟ್ಟುವ ವಿಹಾರದ ಹಡಗಿಗೆ ಗಂಡಹೆಂಡಿರು ಹತ್ತಿದರು. ಆ ವರ್ಷದ ಕೋಟನ್ನು ಹೊರಡುವ ಮುಂಚೆಯೇ ಕಳಿಸಿಯಾಗಿತ್ತು. ಟೇಪು ಮಾತ್ರ ಹಡಗಿಗೂ ಬಂತು.

ಅಲ್ಲಿ ಕಂಡಕ್ಟರ್ ಭಾವ ರಾಜನಂತಿದ್ದ. ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮೆಟ್ಟಿಲಿನಲ್ಲಿ ಜನ ನಿಂತರೆ ಮಾತ್ರ ಹಳೆಯ ಬಾಯಿ ಸುಮ್ಮನಿರದು: "ಒಳಗೆ ಹೋಗಿ ಒಳಗೆ ಹೋಗಿ, ಒಳಗೆಲ್ಲಾ ಖಾಲಿ ಇದೆ!"

ಹೀಗಿರಲು ಒಂದು ಬೆಳಗ್ಗೆ ತಂಗಿಯ ವಿಡಿಯೋ ಕರೆ ಬಂತು. ಕುಂಡಗಳ ನಡುವೆ ಹೊಸ ಕೋಟು ತೊಟ್ಟು ನಿಂತಿದ್ದಾಳೆ. ಬಲಗೈಯಲ್ಲಿ ಫೋನು.

"ಅಕ್ಕಾ, ನೋಡು! ಹೇಗಿದೆ?"

ಟೇಪಕ್ಕ ನೋಡಿದಳು. ಮುಂದಿನಿಂದ ಕೋಟು ಅಚ್ಚಿನಲ್ಲಿ ಹೊಯ್ದಂತೆ ಕೂತಿತ್ತು. ಆದರೆ ಕಾಲರಿನೊಳಗೆ ಕತ್ತು ಬಾವಿಗೆ ಬಿಟ್ಟ ಹಗ್ಗದ ಹಾಗೆ ಸುತ್ತ ಜಾಗ ಬಿಟ್ಟು ನಿಂತಿದೆ. ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿದೆ.

"ನಿನ್ನ ಎಡಗೈ ಎಲ್ಲೇ ಪುಟ್ಟಿ?"

"ಇಲ್ಲೇ ಇದೆ, ಎಲ್ಲಿ ಹೋಗುತ್ತೆ? ಹಿಂದೆ ಕಟ್ಟಿದೀನಿ, ಸ್ಟೈಲಾಗಿ."

"ಒಂದು ಕೈ ಕಟ್ಟೋದು ಯಾವ ಸ್ಟೈಲೇ? ತಿರುಗು."

"ತಿರುಗಿದ್ರೆ ಸಿಗ್ನಲ್ ಹೋಗುತ್ತೆ."

"ಹಾಗಾದ್ರೆ ಫೋನನ್ನ ಕುಂಡಕ್ಕೆ ಒರಗಿಸಿ ಎರಡೂ ಕೈ ಮೇಲೆತ್ತು."

"ಅಯ್ಯೋ, ಕಳ್ಳನ್ನ ಹಿಡಿದ ಪೊಲೀಸ್ನೋರ ಥರ ಆಡ್ಬೇಡ. ಗಿರಾಕಿ ಬಂದ್ರು, ಇಡ್ತೀನಿ."

ಕರೆ ಮುಗಿಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅರಳಿದ ಗುಲಾಬಿಯ ಒಂದು ಫೋಟೋ ಬಂತು, ಹಿಂದೆಯೇ ಜರೀಗಿಡದ ಇನ್ನೊಂದು. ಮನುಷ್ಯಳ ಫೋಟೋ ಇಲ್ಲ.

"ರೀ," ಎಂದಳು ಟೇಪಕ್ಕ. "ಪುಟ್ಟಿ ಬೆನ್ನ ಹಿಂದೆ ಬಟ್ಟೆ ಮುಷ್ಟಿ ಹಿಡ್ಕೊಂಡು ನಿಂತಿದ್ದಳು. ನಾನು ಟ್ರಯಲಿಗೆ ಹಿಡಿಯೋ ಹಾಗೆ."

"ಚಳಿಗೆ ಕೈ ಹಿಂದೆ ಇಟ್ಕೊಂಡಿರ್ತಾಳೆ ಬಿಡೇ."

"ಚಳಿಗೆ ಕೈ ಜೇಬಿಗೆ ಹೋಗುತ್ತೆ, ಬೆನ್ನಿಗೆ ಹೋಗಲ್ಲ. ಎರಡು ಜೇಬು ಹೊಲ್ದಿದೀನಿ, ಅದೇನು ಅಲಂಕಾರಕ್ಕಾ? ಮೈ ಇಳಿದುಹೋಗಿದೆ ಅವಳಿಗೆ. ಒಂದು ಮುಷ್ಟಿ ಬಟ್ಟೆ ಅಂದ್ರೆ ಎಷ್ಟು ಮೈ ಗೊತ್ತಾ ನಿಮಗೆ? ಏನೋ ಕಾಯಿಲೆ, ಮುಚ್ಚಿಡ್ತಿದಾಳೆ."

ಆಮೇಲೆ ಅವಳು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಕೊನೆಗೆ ಅವಳ ಬಾಯಿಂದ ಬಂದದ್ದು ಇಷ್ಟು: "ಊರಿಗೆಲ್ಲಾ ಕೈ ಎತ್ತು ಕೈ ಎತ್ತು ಅಂದೆ. ಒಡಹುಟ್ಟಿದೋಳಿಗೆ ಒಂದು ಸಲ ಅನ್ನಲಿಲ್ಲ. ನನ್ನನ್ನೇ ಅಳ್ಕೊಂಡು ಅವಳಿಗೆ ಹೊಲಿದೆ."

ಎದ್ದವಳೇ ಹಡಗಿನ ದಾರಿ ಬರೆದಿದ್ದ ದೊಡ್ಡ ನಕ್ಷೆಯ ಮುಂದೆ ಹೋಗಿ ನಿಂತಳು. ಕೊನೆಯ ಬಂದರು ಸಮುದ್ರದ ಆಚೆ. ಅಲ್ಲಿ ಇಳಿದು ತಂಗಿಯ ಊರಿಗೆ ಬರುವುದೆಂದರೆ ಬಂದ ದಾರಿಯನ್ನೆಲ್ಲ ಮತ್ತೆ ಸುತ್ತಬೇಕು. ಅದಕ್ಕೆ ಮುಂಚಿನ ಬಂದರು, ನಾಳೆ ಬರುವುದು, ಬೆಟ್ಟಸಾಲಿನ ಬುಡದಲ್ಲೇ ಇತ್ತು. ಅಲ್ಲಿಂದ ತಂಗಿಯ ಊರಿಗೆ ಬಸ್ಸಿದೆ. ಹಡಗು ಅಲ್ಲಿ ನಿಲ್ಲುವುದು ಕೆಲವೇ ಗಂಟೆ. ಹೋಗಿ ಮುಖ ನೋಡಿ ಹಿಂದಿರುಗುವುದು ಆಗದ ಮಾತು.

"ನಾನು ನಾಳೆ ಇಳೀತೀನಿ."

"ಏನೇ, ಇದೇನು ನಮ್ಮ ಸಿಟಿ ಬಸ್ಸಾ, ಗಂಟೆ ಹೊಡೆದ ಕಡೆ ನಿಲ್ಲೋಕೆ?"

"ಬಸ್ಸೋ ಹಡಗೋ, ಹತ್ತೋಕೆ ಬಾಗಿಲು ಇದ್ಮೇಲೆ ಇಳಿಯೋಕೂ ಇರುತ್ತೆ."

ಕಂಡಕ್ಟರ್ ಭಾವ ಒಂದು ನಿಟ್ಟುಸಿರು ಬಿಟ್ಟ. ಕಿಟಕಿ ನೋಡಿದ, ಕುರ್ಚಿ ನೋಡಿದ. "ಸರಿ, ನಾನೂ ಇಳೀತೀನಿ."

"ಬೇಡ. ನೀವು ಬಂದ್ರೆ ಭಾವ ಬಂದ್ರು ಅಂತ ಒಲೆ ಹಚ್ಚಿ ಓಡಾಡ್ತಾಳೆ, ಬಾಯಿ ಬಿಡಲ್ಲ. ನಿಮ್ಮೆದುರಿಗೆ ನಿಂತು ಅಳತೆ ಕೊಡ್ತಾಳಾ? ನೀವು ಕೊನೇ ಸ್ಟಾಪ್ ನೋಡ್ಕೊಂಡೇ ಬನ್ನಿ. ಇಲ್ದಿದ್ರೆ ಸಾಯೋ ತನಕ ನನ್ನ ತಲೆ ಮೇಲೆ ಹಾಕ್ತೀರ."

ಹಡಗಿನ ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಅಚ್ಚುಕಟ್ಟು ನೀಲಿ ಕೋಟು, ಅದರ ಎರಡನೆಯ ಗುಂಡಿ ಮಾತ್ರ ದಾರಕ್ಕೆ ನೇತಾಡುತ್ತಿತ್ತು. ಅವಳು ಸಮಾಧಾನವಾಗಿ ವಿವರಿಸಿದಳು: ನಡುವೆ ಇಳಿಯಬೇಕಾದರೆ ಮೊದಲೇ ಕೇಳಿರಬೇಕು, ಕ್ಯಾಪ್ಟನ್ ಒಪ್ಪಬೇಕು, ಆ ಬಂದರಿನ ಅಧಿಕಾರಿಗಳೂ ಒಪ್ಪಬೇಕು. "ಕಾರಣ ಏನಂತ ಹೇಳಲಿ ಆಂಟಿ?"

"ನನ್ನ ತಂಗಿಗೆ ಕೋಟು ಸಡಿಲ ಆಗಿದೆ."

ಹುಡುಗಿ ನಗು ತಡೆದುಕೊಂಡಳು. ಕಂಡಕ್ಟರ್ ಭಾವ ಹೆಂಡತಿಯನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ: "ತಂಗಿ ಹೋಗ್ಬಿಟ್ಟಳು ಅಂತ ಹೇಳೇ, ತಕ್ಷಣ ಇಳಿಸ್ತಾರೆ."

"ನಿಮ್ಮ ಬಾಯಿಗೆ ಬೀಗ ಹಾಕ! ಬದುಕಿರೋಳನ್ನ ನನ್ನ ಬಾಯಾರೆ ಸಾಯಿಸಲಾ?"

ತಿರುಗಿ ಬಂದು ಹುಡುಗಿಗೆ ಎಲ್ಲವನ್ನೂ ಹೇಳಿದಳು. ಫ್ರಾಕಿನಿಂದ ಹಿಡಿದು ಮುಷ್ಟಿಯವರೆಗೆ. ಹುಡುಗಿಯ ನಗು ಎಲ್ಲೋ ನಡುವೆ ನಿಂತುಹೋಯಿತು. ಅವಳು ಒಳಗೆ ಹೋಗಿ ಬಂದು ಆಗದೆಂದು ತಲೆಯಾಡಿಸಿದಳು. ಆ ಬಂದರು ಸುತ್ತಾಟಕ್ಕೆ ಮಾತ್ರ, ಅಲ್ಲಿ ಅಧಿಕಾರಿಗಳು ಹಡಗಿಗೆ ಬರುವುದಿಲ್ಲ, ಹೊರದೇಶಕ್ಕೆಂದು ಹೊರಟು ನಡುವೆಯೇ ಪ್ರಯಾಣ ಮುಗಿಸಿ ಇಳಿಯುವವರ ಪಾಸ್‌ಪೋರ್ಟಿಗೆ ಮುದ್ರೆ ಹಾಕುವವರು ಯಾರೂ ಇಲ್ಲ.

"ಅವರು ಬರದಿದ್ರೆ ಬೇಡಮ್ಮ, ನಾನೇ ಹೋಗ್ತೀನಿ ಅವರ ಹತ್ರ."

"ಅವರ ಆಫೀಸು ಎಲ್ಲಿದೆ ಗೊತ್ತಾ ನಿಮಗೆ?"

"ಕೇಳ್ಕೊಂಡು ಹೋಗ್ತೀನಿ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ನೀನು ಇನ್ನೊಂದು ಸಲ ಕೇಳು, ಒಪ್ಪೋ ತನಕ ನಾನಿಲ್ಲಿ ಕೂತಿರ್ತೀನಿ. ಅಲ್ಲೀವರೆಗೂ ಆ ಕೋಟು ಬಿಚ್ಚಿ ಕೊಡು."

"ಯಾಕೆ ಆಂಟಿ?"

"ಗುಂಡಿ ಬೀಳ್ತಿದೆ. ಲಂಚ ಅಂದ್ಕೋಬೇಡ. ಇದು ನನ್ನ ಚಟ."

ಕೌಂಟರಿನ ಎದುರಿನ ಕುರ್ಚಿಯಲ್ಲಿ ಟೇಪಕ್ಕ ಬೇರು ಬಿಟ್ಟಳು. ಚೀಲದಿಂದ ಸೂಜಿದಾರ ತೆಗೆದು ಗುಂಡಿ ಹೊಲಿದಳು. ಅದನ್ನು ಕಂಡು ಯಾರೋ ಹೆಂಗಸು ಬಿಚ್ಚಿದ ಜೇಬು ತಂದಳು, ಇನ್ನಾರೋ ಅಂಚು ಹರಿದ ಚೀಲ. ನೃತ್ಯಕ್ಕೆ ಹೋಗುವವರು, ಜಾದೂ ನೋಡಲು ಹೋಗುವವರು ಎಲ್ಲ ಅವಳ ಮುಂದೆಯೇ ಹಾದುಹೋಗಬೇಕು. ಊಟದ ಹೊತ್ತು ಕಳೆದಾಗ ಅವಳ ಸುತ್ತ ಮೆಟ್ಟಿಲ ಕೆಳಗಿನ ಅಂಗಡಿಯೇ ಬಂದು ಕೂತಂತಿತ್ತು. ಕಂಡಕ್ಟರ್ ಭಾವ ತಟ್ಟೆ ಹಿಡಿದು ಬಂದ. "ತಿನ್ನೇ. ಉಪವಾಸ ಇದ್ರೆ ಹಡಗೇನು ಬೇಗ ಓಡುತ್ತಾ?" ಕೈಯಲ್ಲಿ ಸೂಜಿ, ಬಾಯಲ್ಲಿ ತುತ್ತು, ಕಣ್ಣು ಮಾತ್ರ ಕೌಂಟರಿನ ಹಿಂದಿನ ಬಾಗಿಲ ಮೇಲೆ.

ಹೊತ್ತು ಇಳಿಯುವಾಗ ಆ ಬಾಗಿಲು ತೆರೆದು ಹುಡುಗಿ ಓಡಿಬಂದಳು. "ಆಂಟಿ, ಒಪ್ಪಿದಾರೆ! ಅಧಿಕಾರಿ ದಡದಲ್ಲೇ ಮುದ್ರೆ ಹಾಕ್ತಾರಂತೆ. ಆದ್ರೆ ಕೇಳಿ, ಇಳಿದ ಮೇಲೆ ಮತ್ತೆ ಹತ್ತೋ ಹಾಗಿಲ್ಲ. ಇನ್ನೊಂದು, ಅಲ್ಲಿ ನೀರು ಆಳ ಇಲ್ಲ. ಹಡಗು ದೂರದಲ್ಲೇ ನಿಲ್ಲುತ್ತೆ, ದಡಕ್ಕೆ ದೋಣೀಲಿ ಹೋಗ್ಬೇಕು. ಗಾಳಿ ಜೋರಾದ್ರೆ ದೋಣಿ ಬಿಡಲ್ಲ. ಆಗ ಕ್ಯಾಪ್ಟನ್ನೂ ಏನೂ ಮಾಡೋಕಾಗಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಜಾಗದಲ್ಲಿ ಗಾಳಿ ನಿಂತಿತ್ತು.

ಬೆಳಗಾಯಿತು. ಬೆಟ್ಟಸಾಲು ಕಂಡಿತು, ಜೊತೆಗೆ ಗಾಳಿಯೂ ಎದ್ದಿತು. ಸುತ್ತಾಟ ರದ್ದಾಗಿದೆ, ಯಾರೂ ಇಳಿಯುವಂತಿಲ್ಲ ಎಂದು ಸ್ಪೀಕರಿನಲ್ಲಿ ಸಾರಿದರು. ಅಷ್ಟು ಹೊತ್ತಿಗೆ ಟೇಪಕ್ಕ ಚೀಲ ಹಿಡಿದು ಕೆಳಗಿನ ಬಾಗಿಲಿನಲ್ಲಿ ನಿಂತಾಗಿತ್ತು. ಕೌಂಟರಿನ ಹುಡುಗಿಯೂ ಅಲ್ಲಿಗೆ ಬಂದಿದ್ದಳು. ಹಡಗಿನ ಕಾಗದಪತ್ರ ಒಯ್ಯಲು ಒಂದು ದೋಣಿಯನ್ನಷ್ಟೇ ಇಳಿಸುತ್ತಿದ್ದರು.

"ಇದು ಸಿಬ್ಬಂದಿಗೆ ಮಾತ್ರ ಅಮ್ಮಾ," ಎಂದ ದೋಣಿಯವನು.

"ಕಾಗದ ಹೋಗುತ್ತೆ ಅಂದ್ಯಲ್ಲಪ್ಪ, ನಾನೂ ಒಂದು ಕಾಗದ ಅಂದ್ಕೊ. ಮುದ್ರೆ ಬೀಳಬೇಕಾಗಿರೋ ಕಾಗದ."

"ಅನುಮತಿ ಇದೆ ಇವರಿಗೆ," ಎಂದಳು ಹುಡುಗಿ. ಅವಳ ನೀಲಿ ಕೋಟಿನ ಗುಂಡಿಗಳೆಲ್ಲ ಸಾಲಾಗಿ ನಿಂತಿದ್ದವು.

ದೋಣಿಯವನು ಅಲೆಗಳನ್ನು ನೋಡಿದ, ಟೇಪಕ್ಕನ ವಯಸ್ಸನ್ನು ನೋಡಿದ. "ದೋಣಿ ಏರ್ತಾ ಇಳೀತಾ ಇದೆ. ಹಾರಬೇಕಾಗುತ್ತೆ. ಹಾರ್ತೀರಾ?"

ಈಜು ಬಾರದ ಟೇಪಕ್ಕನ ಮುಖ ಬಿಳಿಚಿಕೊಂಡಿತು. ಆದರೂ ಕಿತ್ತಳೆ ಬಣ್ಣದ ರಕ್ಷಣಾ ಅಂಗಿ ತೊಟ್ಟು, ಅದರ ಮೇಲೆ ಟೇಪನ್ನು ಸರಿಯಾಗಿ ಇಳಿಬಿಟ್ಟಳು. ಆಗ ಹಿಂದಿನಿಂದ ಜನರನ್ನು ಸರಿಸಿಕೊಂಡು ಕಂಡಕ್ಟರ್ ಭಾವ ಬಂದ.

"ಯಾರು ಹಾರೋದು? ಹಾರೋದಲ್ಲ, ಇಳಿಯೋದು. ನನ್ನ ಬಸ್ಸಿಂದ ಇಳಿದೋರು ಇವತ್ತಿನ ತನಕ ಒಬ್ಬರೂ ಬಿದ್ದಿಲ್ಲ. ನೀನು ಬಿದ್ದು ನನ್ನ ಹೆಸರು ಕೆಡಿಸ್ಬೇಡ. ನೀರು ನೋಡ್ಬೇಡ, ಮುಂದೆ ನೋಡು. ನಾನು ಹೇಳೋ ತನಕ ಕಾಲು ಎತ್ಬೇಡ."

ಒಂದು ಕೈಯಲ್ಲಿ ಬಾಗಿಲಿನ ಕಂಬಿ, ಇನ್ನೊಂದರಲ್ಲಿ ಹೆಂಡತಿಯ ತೋಳು. ದೋಣಿ ಕೆಳಗೆ ಹೋಯಿತು. "ಹೋಲ್ಡಾನ್..." ಮೇಲೆ ಬಂತು, ಪಕ್ಕಕ್ಕೆ ವಾಲಿತು. "ಹೋಲ್ಡಾನ್, ಹೋಲ್ಡಾನ್..." ಮತ್ತೊಂದು ಅಲೆ ಅದನ್ನು ಎತ್ತಿ ಬಾಗಿಲಿನ ಮಟ್ಟಕ್ಕೆ ತಂದು ನಿಲ್ಲಿಸಿದ ಗಳಿಗೆಯಲ್ಲಿ, "ಇಳಿ!"

ಟೇಪಕ್ಕ ಇಳಿದಳು, ನಮ್ಮ ಬೀದಿಯ ತಿರುವಿನಲ್ಲಿ ಬಸ್ಸಿನಿಂದ ಇಳಿದಷ್ಟೇ ಸಲೀಸಾಗಿ. ದೋಣಿಯವನು ಹಿಡಿದು ಕೂರಿಸಿದ. ಮೇಲಿನಿಂದ ಕಂಡಕ್ಟರ್ ಭಾವ ಹಡಗಿನ ಕಬ್ಬಿಣಕ್ಕೆ ಕೈಯಿಂದ ಎರಡು ಸಲ ಬಡಿದು, "ರೈಟ್! ರೈಟ್!" ಎಂದು ಕೂಗಿದ ಜೋರಿಗೆ ಮೇಲಂತಸ್ತಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಬಗ್ಗಿ ನೋಡಿದರಂತೆ.

ದಡದಲ್ಲಿ ಮುದ್ರೆ ಬಿತ್ತು. ಬಸ್ಸು ಸಿಕ್ಕಿತು. ಬಸ್ಸು ಬೆಟ್ಟ ಏರುವಷ್ಟು ಹೊತ್ತೂ ಅವಳು ತಂಗಿಗೆ ಫೋನು ಮಾಡಲಿಲ್ಲ. ಬರುತ್ತೇನೆಂದರೆ ಪುಟ್ಟಿ ಕೋಟಿಗೆ ಇನ್ನೇನಾದರೂ ಉಪಾಯ ಮಾಡಿಬಿಡುತ್ತಾಳೆ ಎಂದು ಅವಳಿಗೆ ಗೊತ್ತು.

ತಂಗಿ ಪೈಪು ಹಿಡಿದು ಸಸಿಗಳಿಗೆ ನೀರು ಬಿಡುತ್ತಿದ್ದಳು. ಹಳೆಯದೊಂದು ಸ್ವೆಟರು ಅವಳ ಮೈಮೇಲೆ ಮೊಳೆಗೆ ನೇತುಹಾಕಿದಂತಿತ್ತು. ಹೊಸ ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಅದರ ಬೆನ್ನ ತುಂಬ ಮೇಲಿನಿಂದ ಕೆಳಗೆ ಪಿನ್ನುಗಳು. ಮುಷ್ಟಿ ಹಿಡಿದು ಹಿಡಿದು ಕೈ ಸೋತಿರಬೇಕು.

"ಅಕ್ಕಾ!" ತಂಗಿಯ ಕೈಯಿಂದ ಪೈಪು ಬಿತ್ತು. "ಹಡಗು ಮುಳುಗ್ತಾ?"

"ತೇಲ್ತಾ ಇದೆ. ಎತ್ತು ಕೈ."

"ಮೊದಲು ಒಳಗೆ ಬಾ, ಟೀ..."

"ಟೀ ಆಮೇಲೆ. ಕೈ ಎತ್ತು ಅಂದೆ."

ತಂಗಿ ಕೈ ಎತ್ತಿದಳು. ಟೇಪಕ್ಕ ಎದೆ ಸುತ್ತಿದಳು, ಸೊಂಟ ಸುತ್ತಿದಳು. ಅಂಕಿ ಅಳಿಸಿದ್ದರೇನು, ಬೆರಳಿಗೆ ಎಲ್ಲ ಗೊತ್ತು. ಟೇಪಿನ ತುದಿ ತಾನು ಎಂದೂ ಮುಟ್ಟದ ಜಾಗಕ್ಕೆ ಬಂದು ನಿಂತಿತು. ಅವಳು ಕೈ ಹಿಂದೆಗೆಯಲಿಲ್ಲ, ಅಳತೆ ಹಿಡಿದ ಹಾಗೆಯೇ ತಂಗಿಯನ್ನು ಬಳಸಿ ನಿಂತಳು.

"ಹೇಳು."

"ಹೊಟ್ಟೇಲಿ ಗಡ್ಡೆ ಅಂತೆ," ಎಂದಳು ತಂಗಿ ಅಕ್ಕನ ಹೆಗಲಿಗೆ ಬಾಯಿ ಇಟ್ಟು. "ಮುಂದಿನ ವಾರ ಆಪರೇಷನ್. ನಿಮ್ಮ ಪ್ರಯಾಣ ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಇಬ್ಬರೂ ಮೊದಲನೇ ಸಲ ಎಲ್ಲಾದರೂ ಹೊರಟಿದ್ರಿ."

"ಆಸ್ಪತ್ರೆಗೆ ಯಾರ ಜೊತೆ ಹೋಗೋಳಿದ್ದೆ?"

"ಪಕ್ಕದ ಅಂಗಡಿಯೋರು ಬಾಗಿಲು ಹಾಕ್ಕೊಂಡು ಬರ್ತೀನಿ ಅಂದಿದ್ರು."

"ಅವರ ಬಾಗಿಲು ತೆಗೆದೇ ಇರಲಿ. ನಾನು ಬಂದಿದೀನಿ. ಎಷ್ಟು ದಿನ ಅಂತ ಕೇಳ್ಬೇಡ. ನಾನು ಬಂದ ಹಡಗು ಹೋಯ್ತು, ಮತ್ತೆ ಹತ್ತಿಸ್ಕೊಳಲ್ವಂತೆ."

ತಂಗಿ ಅಳುತ್ತ ನಕ್ಕಳು, ನಗುತ್ತ ಮೂಗು ಒರೆಸಿಕೊಂಡಳು. ಬಿದ್ದ ಪೈಪಿನಿಂದ ನೀರು ಹರಿದು ಇಬ್ಬರ ಚಪ್ಪಲಿಯೂ ಒದ್ದೆಯಾಗಿತ್ತು. ಟೀ ಆಯಿತು. ಟೇಪಕ್ಕ ಕೋಟನ್ನು ಮಡಿಲಿಗೆ ಹಾಕಿಕೊಂಡು ಒಂದೊಂದೇ ಪಿನ್ನು ಕಿತ್ತು ಪಕ್ಕಕ್ಕಿಟ್ಟಳು.

"ಹೆಚ್ಚಾಗಿರೋದನ್ನ ಕತ್ತರಿಸಿ ಹಾಕು ಅಕ್ಕಾ, ನೆಟ್ಟಗಾಗುತ್ತೆ. ಇನ್ನು ಅದು ಬೇಕಾಗಲ್ಲ ನನಗೆ."

"ಕತ್ತರಿಸಲ್ಲ."

"ದಪ್ಪ ದಪ್ಪ ಆಗುತ್ತಲ್ಲೇ ಒಳಗಡೆ."

"ಆಗಲಿ. ಒಳಗೆ ಮಡಚಿ ಸಾಲು ಸಾಲು ಹೊಲಿಗೆ ಹಾಕ್ತೀನಿ. ನೀನು ತುಂಬ್ಕೊಂಡ ಹಾಗೆ ಒಂದೊಂದೇ ಸಾಲು ಬಿಚ್ತೀನಿ. ಬಟ್ಟೆ ನಾನು ಕೊಂಡಿದ್ದು, ಯಾವಾಗ ಕತ್ತರಿಸ್ಬೇಕು ಅಂತ ನಿನ್ನ ಕೇಳ್ತೀನಾ? ಸುಮ್ನೆ ಕೂತ್ಕೊ."

ಹಡಗು ಕೊನೆಯ ಬಂದರು ಮುಟ್ಟಿದ ದಿನ ಕಂಡಕ್ಟರ್ ಭಾವ ಫೋನು ಮಾಡಿದ. "ಕೊನೇ ಸ್ಟಾಪ್ ಬಂತು ಕಣೇ. ದೊಡ್ಡ ಗಡಿಯಾರ ಒಂದಿದೆ, ಅದೂ ನಿಂತಿದೆ. ಎಲ್ಲರೂ ಇಳಿದ ಮೇಲೆ ಸೀಟಿನ ಕೆಳಗೆ ಯಾರಾದ್ರೂ ಏನಾದ್ರೂ ಬಿಟ್ಟಿದಾರಾ ಅಂತ ಬಗ್ಗಿ ನೋಡಿದೆ, ಅಭ್ಯಾಸ. ನಿನ್ನ ಸೂಜಿ ಡಬ್ಬಿ ಸಿಕ್ತು. ತರ್ತಾ ಇದೀನಿ."

ಆಪರೇಷನ್ನಿನ ದಿನ ಆ ಕೋಟು ಆಸ್ಪತ್ರೆಯ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಒಂದು ಕಡೆ ಟೇಪಕ್ಕ, ಇನ್ನೊಂದು ಕಡೆ ಸೂಜಿ ಡಬ್ಬಿ ಹಿಡಿದ ಕಂಡಕ್ಟರ್ ಭಾವ. ಚಳಿ ಕಳೆದು ಬಿಸಿಲು ಬಂದ ಮೇಲೆ ತಂಗಿ ನಮ್ಮ ಬೀದಿಗೆ ಬಂದಳು, ಆ ಸೆಕೆಯಲ್ಲೂ ಕೋಟು ತೊಟ್ಟುಕೊಂಡೇ. ಇನ್ನೂ ಸಣಕಲೇ ಇದ್ದಳು, ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಟೇಪಕ್ಕ ಯಂತ್ರ ನಿಲ್ಲಿಸಿ ಎದ್ದು ಬಂದು, ಬೀದಿಯ ಬಾಗಿಲಿನಲ್ಲೇ ಟೇಪು ಸುತ್ತಿದಳು. ಆಮೇಲೆ ಕೋಟನ್ನು ಒಳಗೊಯ್ದು, ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನಿನ ಒಂದು ಸಾಲು ಹೊಲಿಗೆ ಬಿಚ್ಚಿದಳು.